ಚಳಕು ತೆಗೆಯುವ ಕಾಲು

ನಾಗರ ಪಂಚಮಿಯ ಮರುದಿನ, ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ. ಕುಷ್ಟಗಿಯಲ್ಲಿ ನಮ್ಮ ಓಣಿ, ಪಕ್ಕದ ಮನೆಯ ಮುಂದಿನ ಚಪ್ಪಡಿ ಕಲ್ಲು. ಹಾಜರಿದ್ದವರು ನಾನು, ಪಕ್ಕದ ಮನೆಯ ಸೊಸೆ, ಮತ್ತು ಯಲಬುರ್ಗಾ ಕಡೆಯಿಂದ ಮೋಟಾರ್ ಸೈಕಲ್ ಮೇಲೆ ಬಂದ ಒಬ್ಬ ಗಂಡಸು.

ಆತ ಬಂದವನೇ ಚಪ್ಪಲಿ ಬಿಟ್ಟ. ಅಂಗಿಯನ್ನು ಬೆನ್ನಿನ ಮೇಲಕ್ಕೆ ಸರಿಸಿ, ಪೂರ್ವಕ್ಕೆ ಮುಖ ಮಾಡಿ ಕಲ್ಲಿನ ಮೇಲೆ ಕುಳಿತ. ಯಾರನ್ನೂ ಏನನ್ನೂ ಕೇಳಲಿಲ್ಲ. ಇಲ್ಲಿಗೆ ಬರುವವರು ಕೇಳುವುದಿಲ್ಲ. ಹೊತ್ತು ಹುಟ್ಟುವ ಮುಂಚೆ ಖಾಲಿ ಹೊಟ್ಟೆಯಲ್ಲಿ ಬಂದು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರೆ ಸಾಕು, ಹಿಂದಿನಿಂದ ಕಾಲು ಬರುತ್ತದೆ ಎಂಬುದು ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಆತ ಕಾದ. ಕಾಲು ಬರಲಿಲ್ಲ. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೇಳುವ ಕೆಲಸ ನನಗೆ ಬಂತು. ಖಾಲಾ ತೀರಿಕೊಂಡಿದ್ದಾರೆ, ನಿನ್ನೆ ಮಣ್ಣಾಯಿತು ಎಂದೆ.

ಆತ ತಿರುಗಿ ನೋಡಲಿಲ್ಲ. ಅಂಗಿಯನ್ನು ಇಳಿಸಲೂ ಇಲ್ಲ. ಎದುರಿನ ಗೋಡೆಗೆ ಹೇಳುವಂತೆ ಕೇಳಿದ.

"ಹಂಗಾರ ನಂದು ಯಾರು ತಗಿತಾರ್ರಿ?"

ಆತನಿಗೆ ನಾನು ಕೊಟ್ಟ ಉತ್ತರವನ್ನು ಕೊನೆಗೆ ಬರೆಯುತ್ತೇನೆ. ಮೊದಲು ಆಕೆಯ ವಿಷಯ.

ನಮ್ಮ ಕಡೆ ಮೈಯಲ್ಲಿ ಎಲ್ಲಾದರೂ ಥಟ್ಟನೆ ನರ ಹಿಡಿದಂತೆ ಬರುವ ನೋವಿಗೆ ಚಳಕು ಎನ್ನುತ್ತಾರೆ. ಅದು ಸೊಂಟಕ್ಕೆ ಬರಬಹುದು, ಪಕ್ಕೆಗೆ ಬರಬಹುದು, ಎದೆಗೂ ಬರಬಹುದು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಅದನ್ನು ಕಾಲಿನಿಂದ ಮೂರು ಸಲ ಮುಟ್ಟಿ ಒತ್ತಿದರೆ ಹೋಗುತ್ತದೆ ಎಂಬುದು ನಂಬಿಕೆ. ಪಕ್ಕದ ಮನೆಯಾಕೆ ಹಾಗೆ ಹುಟ್ಟಿದವಳು. ಊರಿಗೆಲ್ಲ ಆಕೆ ಖಾಲಾ, ಎಂದರೆ ಚಿಕ್ಕಮ್ಮ. ಕಸುಬು ಬಳೆ ತೊಡಿಸುವುದು. ಹೊತ್ತು ಏರುವ ತನಕ ಕಾಲಿನ ಕೆಲಸ, ಏರಿದ ಮೇಲೆ ಕೈಯ ಕೆಲಸ.

ನಾನು ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು, ಊರಿನವರ ಬಾಯಲ್ಲಿ ಬಾಯಾರು. ಐದಕ್ಕೆ ಏಳುವುದು, ಅಂಗಳ ಗುಡಿಸಿ ನೀರು ಹೊಡೆಯುವುದು, ಆರಕ್ಕೆ ಚಹಾ, ಆಮೇಲೆ ಬಿಪಿ ಗುಳಿಗೆ. ಇದು ಇವತ್ತಿಗೂ ತಪ್ಪಿಲ್ಲ. ಈ ಓಣಿಗೆ ಬಂದ ಹೊಸದರಲ್ಲಿ, ನಾನು ಅಂಗಳ ಗುಡಿಸುವ ಹೊತ್ತಿಗೇ ಪಕ್ಕದ ಕಲ್ಲಿನ ಮೇಲೆ ಜನ ಸಾಲಾಗಿ ಕುಳಿತಿರುತ್ತಿದ್ದುದು ನನಗೆ ಸರಿಬರಲಿಲ್ಲ. ಅವರಲ್ಲಿ ಅರ್ಧದಷ್ಟು ಜನ ನಮ್ಮ ಹೊರರೋಗಿ ವಿಭಾಗದಲ್ಲಿ ಇರಬೇಕಾದವರು. ಒಂದು ದಿನ ಪೊರಕೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಒದ್ದರೆ ರೋಗ ಹೋಗುವುದಾದರೆ ಸರ್ಕಾರ ನಮಗೆಲ್ಲ ಯಾಕೆ ಸಂಬಳ ಕೊಡುತ್ತದೆ ಎಂದು ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ನನ್ನ ಬರಿಗೈ ನೋಡಿದಳು. ಡ್ಯೂಟಿಯಲ್ಲಿ ಬಳೆ ತೊಡುವಂತಿಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ. ಪೊರಕೆ ಕೆಳಗಿಡಿಸಿ, ಕೈ ಹಿಡಿದು, ಬೆರಳುಗಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ಅಳತೆ ಹೇಳಿಬಿಟ್ಟಳು. ನಿವೃತ್ತಿಯಾದ ದಿನ ಆ ಅಳತೆಯ ಬಳೆಗಳನ್ನೇ ತಂದು ತೊಡಿಸಿದಳು. ಮತ್ತೆ ಅಳೆಯಲಿಲ್ಲ.

ಬಳೆ ತೊಡಿಸುವಾಗ ಆಕೆ ಕೈಯನ್ನು ನೋಡುತ್ತಲೇ ಇರಲಿಲ್ಲ. ಎದುರಿಗಿದ್ದವರ ಮುಖ ನೋಡುತ್ತ ಗಂಡನ ವಿಷಯವನ್ನೋ ಅತ್ತೆಯ ವಿಷಯವನ್ನೋ ತೆಗೆದು, ನೋವಾಗುವ ಹೊತ್ತಿಗೆ ಸರಿಯಾಗಿ ಒಂದು ಚೇಷ್ಟೆಯ ಮಾತು ಆಡಿ, ಅವರು ನಗುವಷ್ಟರಲ್ಲಿ ಬಳೆ ಏರಿಸಿಬಿಡುತ್ತಿದ್ದಳು. "ಕೈ ಮೆತ್ತಗ ಬಿಡ್ರಿ, ಬಳಿ ತಾನ ಏರತೈತಿ" ಎಂಬುದು ಆಕೆಯ ಮಂತ್ರ. ಗಟ್ಟಿ ಹಿಡಿದ ಕೈಗೆ ಬಳೆ ಏರುವುದಿಲ್ಲ, ಒಡೆದರೆ ರಕ್ತ ಬರುವುದು ಇಬ್ಬರಿಗೂ ಎನ್ನುತ್ತಿದ್ದಳು.

ಕಾಲಿನ ಕೆಲಸದ ಶಿಸ್ತು ಬೇರೆ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವಾಗ ಬಲಗಾಲನ್ನು ಸೀಗೆಪುಡಿ ಹಾಕಿ ಇನ್ನೊಮ್ಮೆ ತಿಕ್ಕುತ್ತಿದ್ದಳು. ಆ ಹಿಮ್ಮಡಿಯಲ್ಲಿ ಒಂದು ಸೀಳು ಕಾಣುತ್ತಿರಲಿಲ್ಲ, ಎಡಗಾಲಿನದು ಒಣಗಿದ ಕೆರೆಯ ಹಾಗಿತ್ತು. ಮೂರು ಸಲ ಒತ್ತಿದ ಮೇಲೆ ಬಗ್ಗಿ, ಕುಳಿತವರ ಭುಜವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಕಾಲು ತಾಗಿಸಿದ್ದಕ್ಕೆ ಕ್ಷಮೆ. ಐದು ವರ್ಷದ ಕೂಸಿಗೂ ಹಾಗೆಯೇ, ದೊಡ್ಡ ಜಮೀನ್ದಾರನಿಗೂ ಹಾಗೆಯೇ. ಅದಕ್ಕೆ ಪ್ರತಿಯಾಗಿ ಏನನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದಂತೆ. ಅವಳ ಮನೆಯ ನೀರು ಕುಡಿಯದ ಮಂದಿಯೂ ಅವಳ ಕಾಲಿಗೆ ಬೆನ್ನು ಕೊಟ್ಟು ಕೂರುವುದನ್ನು ನಾನು ನೋಡಿದ್ದೇನೆ. ಆಕೆಯೂ ನೋಡಿದ್ದಳು. "ಗೌಡರನ್ನ ಒದ್ದು ಪೊಲೀಸ್ ಕೇಸ್ ಆಗದಾಕಿ ಅಂದ್ರ ಈ ಊರಾಗ ನಾ ಒಬ್ಬಾಕಿ ನೋಡ್ರಿ" ಎಂದು ನಗುತ್ತಿದ್ದಳು.

ನಗು ಅಷ್ಟಕ್ಕೇ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ, ಬಳೆಗಳನ್ನು ದಾರಕ್ಕೆ ಪೋಣಿಸುತ್ತ ಕುಳಿತಿದ್ದಾಗ, ಆಕೆಯ ತಾಯಿ ಹೇಗಿದ್ದರು ಎಂದು ಕೇಳಿದೆ. ತಾನು ನೋಡಿಲ್ಲ ಎಂದಳು. ಕಾಲು ಮುಂದಾಗಿ ಬರುವ ಹೆರಿಗೆ ಎಂದರೆ ಏನು ಎಂಬುದು ನನಗೆ ಹೇಳಿಕೊಡಬೇಕಿರಲಿಲ್ಲ.

"ಈ ಕಾಲು ಮೊದಲ ತಗದದ್ದು ನಮ್ಮ ಅಮ್ಮಾನ ಜೀವ್ರಿ, ಬಾಯಾರ. ಚಳಕು ಆಮ್ಯಾಲ."

ದಾರ ತುಂಬಿತ್ತು, ಗಂಟು ಹಾಕಿದಳು. ಊರು ದೇವರ ವರ ಎಂದುಕೊಂಡ ಕಾಲನ್ನು ಆಕೆ ಜನ್ಮವಿಡೀ ಹೇಗೆ ಹೊತ್ತು ನಡೆದಳೆಂಬುದು ನನಗೆ ತಿಳಿದದ್ದು ಅಂದು. ಬೆಳಗಾಗುವ ಮುಂಚೆ ಬಂದು ಕುಳಿತ ಯಾರನ್ನೂ ಯಾಕೆ ಹಿಂದೆ ಕಳಿಸುತ್ತಿರಲಿಲ್ಲ ಎಂಬುದೂ ತಿಳಿಯಿತು. ಜ್ವರ ಬಂದಾಗಲೂ ಎದ್ದು ಬರುತ್ತಿದ್ದಳು. ಆ ಕಾಲಿನಿಂದ ಯಾರಿಗಾದರೂ ಒಳ್ಳೆಯದಾಗಲೇಬೇಕಿತ್ತು.

ಬಹಳ ಜನಕ್ಕೆ ಆಗುತ್ತಿತ್ತು ಕೂಡ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರು, ಶ್ರೀರಾಮನಗರದ ಗದ್ದೆಯಲ್ಲಿ ದಿನವಿಡೀ ಬಗ್ಗಿ ಭತ್ತದ ಸಸಿ ಹಚ್ಚಿ ಬಂದ ಹೆಣ್ಣುಮಕ್ಕಳು, ಪಂಚಮಿಯ ಜೋಕಾಲಿಯನ್ನು ಜೀಕಿ ಪಕ್ಕೆ ಹಿಡಿಸಿಕೊಂಡವರು. ಪಂಚಮಿಯ ಮರುದಿನ ಆಕೆಯ ಕಲ್ಲಿನ ಮುಂದೆ ಜಾತ್ರೆಯೇ. ಇವೆಲ್ಲ ಸ್ನಾಯುವಿನ ನೋವು. ಮೂರು ದಿನದಲ್ಲಿ ತಾನಾಗಿ ಇಳಿಯುವಂಥದ್ದು, ಆಕೆ ಮೂರು ದಿನ ಕರೆಯುತ್ತಿದ್ದಳು. ನನ್ನ ಲೆಕ್ಕಕ್ಕೂ ಅವರ ನಂಬಿಕೆಗೂ ಜಗಳ ಬರುತ್ತಿರಲಿಲ್ಲ.

ಜಗಳ ಬಂದದ್ದು ಬೇವೂರಿನ ಟ್ರ್ಯಾಕ್ಟರ್ ಚಾಲಕನಿಂದ. ಜಗಳ ಎಂಬುದು ಸರಿಯಾದ ಮಾತಲ್ಲ. ಯಾರೂ ಬಾಯಿ ಮಾಡಲಿಲ್ಲ.

ಆತ ಹೆಂಡತಿಯ ಜೊತೆ ಬಂದಿದ್ದ. ಎದೆಯ ನಡುವೆ ಚಳಕು ಎಂದಿದ್ದ. ಎಡಗೈ ಜೋಮು ಹಿಡಿದಿದೆ ಎಂದಿದ್ದ. ಅವನ ಬೆನ್ನು ಬೆವರಿನಿಂದ ಜಾರುತ್ತಿತ್ತು, ಕಾಲು ನಿಲ್ಲಲಿಲ್ಲ ಎಂದು ಖಾಲಾ ಆಮೇಲೆ ನನಗೆ ಹೇಳಿದಳು. ಮೂರು ಸಲ ಒತ್ತಿದಳು. ಆತ ಎದ್ದ, ಹಗುರವಾಯಿತು ಎಂದ, ಹೋದ. ಊರು ಮುಟ್ಟುವ ಮುಂಚೆ ದಾರಿಯಲ್ಲೇ ಸತ್ತ.

ತಿಂಗಳ ಮೇಲೆ ಅವನ ಹೆಂಡತಿ ಒಬ್ಬಳೇ ಬಂದಳು. ನಾನು ಅಂಗಳದಲ್ಲಿದ್ದೆ. ಬೈಯಲು ಬಂದಿದ್ದಾಳೆ ಎಂದುಕೊಂಡು ನಾನೂ ಹೋಗಿ ನಿಂತೆ. ಆಕೆ ಸೆರಗಿನಿಂದ ತೆಂಗಿನಕಾಯಿ ತೆಗೆದು ಕಲ್ಲಿನ ಮೇಲೆ ಇಟ್ಟಳು.

"ಹಗರಾತು ಅಂದ್ರವ್ವಾ. ದಾರಿ ತುಂಬ ನಿನ್ನ ಕಾಲು ಹೊಗಳಿಕೋತ ಬಂದ್ರು. ಅಷ್ಟರ ಸಮಾಧಾನ ಆತು ಅವರಿಗೆ."

ಆ ಹೆಂಗಸು ಹೋದ ಮೇಲೆ ಖಾಲಾ ಕಾಯಿಯನ್ನು ಮುಟ್ಟಲೂ ಇಲ್ಲ, ತೆಗೆಯಲೂ ಇಲ್ಲ. ಬೈದಿದ್ದರೆ ಬದುಕುತ್ತಿದ್ದೆ ಎಂಬಂತೆ ಅದರ ಮುಂದೆ ಕುಳಿತುಬಿಟ್ಟಳು. ಮರುದಿನ ಕಲ್ಲಿನ ಮೇಲೆ ಕುಳಿತವರಿಗೆ ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾನು ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬಂದಳು. ಕೂರಲಿಲ್ಲ.

"ಯಾವುದು ನಂದು, ಯಾವುದು ನಿಮ್ದು? ಇಷ್ಟು ಹೇಳ್ರಿ, ಸಾಕು."

ಕಿರಿಯ ನರ್ಸ್‌ಗಳಿಗೆ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಅಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೂರಿಸಿಕೊಂಡು ಹೇಳಿದೆ. ನೋವು ಎಲ್ಲಿ ಎಂದಾಗ ಒಂದು ಬೆರಳಿಟ್ಟು ಇಲ್ಲೇ ಎಂದು ತೋರಿಸಿದರೆ, ಅಲ್ಲಿ ಒತ್ತಿದರೆ ಹೆಚ್ಚಾದರೆ, ಹೊರಳಿದಾಗ, ಉಸಿರೆಳೆದಾಗ, ಕೈ ಎತ್ತಿದಾಗ ಚುಚ್ಚಿದರೆ, ಹಿಂದಿನ ದಿನ ಭಾರ ಎತ್ತಿದ್ದರೆ, ಅದು ಹೆಚ್ಚಾಗಿ ಮಾಂಸಖಂಡದ್ದು, ಪಕ್ಕೆಲುಬಿನದು. ಅಂಗೈಯನ್ನೇ ಎದೆಯ ಮೇಲೆ ಹರವಿ ತೋರಿಸಿದರೆ, ಇಲ್ಲವೆ ಮುಷ್ಟಿ ಕಟ್ಟಿ ಒತ್ತಿ ತೋರಿಸಿದರೆ, ಕಲ್ಲು ಹೇರಿದಂತೆ, ಹಗ್ಗ ಬಿಗಿದಂತೆ ಎಂದರೆ, ಅದು ಕೈಗೆ, ಕತ್ತಿಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆಯ ಬೆವರು, ಏದುಸಿರು, ವಾಂತಿ, ಕಣ್ಣು ಕತ್ತಲೆ ಇದ್ದರೆ, ಅದು ಹೃದಯದ್ದು ಎಂದೇ ತಿಳಿಯಬೇಕು. ಅಲ್ಲಿ ಒಂದು ನಿಮಿಷವೂ ಕಾಯುವಂತಿಲ್ಲ, ನಡೆಸುವಂತಿಲ್ಲ, ಗಾಡಿಯ ಹಿಂದೆ ಕೂರಿಸಿ ಕಳಿಸುವಂತಿಲ್ಲ, ಆಂಬುಲೆನ್ಸ್ ಕರೆಯಬೇಕು. ಏರು ಹತ್ತಿದಾಗ ಬಂದು, ಕುಳಿತಾಗ ಹೋಗುವ ನೋವು ಇದರ ಮುಂಗಡ ಸುದ್ದಿ, ಅದನ್ನೂ ಅಂದೇ ತೋರಿಸಬೇಕು.

ಆಕೆ ತುಟಿ ಅಲ್ಲಾಡಿಸುತ್ತ ಕೇಳಿಸಿಕೊಂಡಳು. ಮತ್ತೆ ಎದೆ ಉರಿ ಎಂದು ಬರುತ್ತಾರಲ್ಲ, ಅದು ಎಂದಳು. ಸಂಜೆ ಮಿರ್ಚಿ ಮಂಡಕ್ಕಿ ತಿಂದು ಕೂಡಲೇ ಮಲಗಿದವರ ಹುಳಿ ಮೇಲೆ ಬರುವುದು ಬೇರೆ, ಆದರೆ ಸೋಡಾ ಕುಡಿದು ಗ್ಯಾಸ್ ಎಂದು ಸುಮ್ಮನಾದ ಎಷ್ಟೋ ಜನರನ್ನು ನಾನು ಸ್ಟ್ರೆಚರ್ ಮೇಲೆ ನೋಡಿದ್ದೇನೆ ಎಂದೆ. ಕೆಮ್ಮು ಜ್ವರದ ಜೊತೆ ಉಸಿರೆಳೆದರೆ ಚುಚ್ಚುವುದು ಪುಪ್ಪುಸದ್ದು. ಒಂದೇ ಪಕ್ಕೆಗೆ ಉರಿದು ಗುಳ್ಳೆ ಏಳುವುದು ಸರ್ಪಸುತ್ತು. ಹೊಸ ಸೊಸೆಯರು ಗಾಬರಿಯಲ್ಲಿ ಎದೆ ಹಿಡಿದುಕೊಂಡು ಬರುತ್ತಾರೆ, ಅದೂ ನಿಜವಾದ ನೋವೇ, ನಾಟಕ ಎನ್ನಬೇಡಿ. ಇವೆಲ್ಲಕ್ಕೂ ವೈದ್ಯರಿದ್ದಾರೆ, ಇದು ಇಂಥದ್ದೇ ಎಂದು ಕಲ್ಲಿನ ಮೇಲೆ ಕುಳಿತು ತೀರ್ಮಾನ ಬೇಡ ಎಂದೆ. ಕೊನೆಗೆ ಇನ್ನೊಂದು ಹೇಳಿದೆ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದ ಹೆಣ್ಣುಮಕ್ಕಳಿಗೆ ಎದೆ ನೋವೇ ಬರದಿರಬಹುದು. ಬರೀ ಸುಸ್ತು, ಬೆನ್ನಲ್ಲಿ ಭಾರ, ಹೊಟ್ಟೆ ತೊಳಸು. ಅವರನ್ನು ಹೆಚ್ಚು ಅನುಮಾನದಿಂದ ನೋಡಬೇಕು.

ಅಂದಿನಿಂದ ಕಲ್ಲಿನ ಪದ್ಧತಿ ಬದಲಾಯಿತು. ಕುಳಿತವರ ಹಿಂದೆ ನಿಂತು, ಮೊದಲು "ಬೆರಳಿಟ್ಟು ತೋರಸು" ಎನ್ನುತ್ತಿದ್ದಳು. ಬೆರಳಿಟ್ಟರೆ ಕಾಲು ಎತ್ತುತ್ತಿದ್ದಳು. ಅಂಗೈ ಇಟ್ಟರೆ ಆ ಕಾಲನ್ನು ಸೀರೆಯೊಳಗೆ ಎಳೆದುಕೊಂಡು, ಇದಕ್ಕೆ ನನ್ನ ಕಾಲು ನಡೆಯುವುದಿಲ್ಲ, ದವಾಖಾನೆಗೆ ನಡಿ ಎನ್ನುತ್ತಿದ್ದಳು. ಎದೆಯ ವಿಷಯವಾದರೆ ಬೆರಳಿಟ್ಟವರಿಗೂ, ಕಾಲು ಮುಟ್ಟಿಸಿದ ಮೇಲೆ, ಡಾಕ್ಟರಿಗೆ ತೋರಿಸದೆ ಊರಿಗೆ ಹೋಗಬೇಡ ಎಂದು ತಾಕೀತು.

ಜನಕ್ಕೆ ಇದು ಹಿಡಿಸಲಿಲ್ಲ. ದೂರದಿಂದ ಉಪವಾಸ ಬಂದವರಿಗೆ ಕಾಲು ಇಲ್ಲ ಎಂದರೆ ಅವಮಾನ. ಕಾಲಿಗೆ ಸೊಕ್ಕು ಬಂದಿದೆ ಎಂದರು. ಒಬ್ಬ ಕಿರಾಣಿ ಅಂಗಡಿಯವನಂತೂ ಓಣಿ ಕೇಳುವ ಹಾಗೆ, ಬಳೆ ಮಾರುವಾಕೆ ಡಾಕ್ಟರ್ ಆಗಿದ್ದಾಳೆ ಎಂದ.

"ಡಾಕ್ಟರ್ ಆಗಿದ್ರ ನಿನಗ ಸೂಜಿ ಚುಚ್ಚತಿದ್ದೆ. ಕಾಲು ಎತ್ತಂಗಿಲ್ಲ ಅನ್ನಾಕ ಡಾಕ್ಟರ್ ಯಾಕ ಆಗಬೇಕೋ?"

ಕೆಲವರು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬ ಮುದುಕನಿದ್ದಾನೆಂದು ಅಲ್ಲಿಗೆ ಹೋಗತೊಡಗಿದರು. ಆತ ಏನೂ ಕೇಳುತ್ತಿರಲಿಲ್ಲವಂತೆ. ಅದೇ ಅವನ ಹೆಚ್ಚುಗಾರಿಕೆ.

ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಒಬ್ಬ ಬಂದಿದ್ದ. ಮುಷ್ಟಿ ಕಟ್ಟಿ ಎದೆಗೆ ಇಟ್ಟ. ಈಕೆ ಕಾಲು ಒಳಗೆ ಎಳೆದುಕೊಂಡಳು. ದಿನವಿಡೀ ಬಗ್ಗಿ ಮರ ಕೆತ್ತುವವನಿಗೆ ಚಳಕು ಬಾರದೆ ಮತ್ತೇನು ಬರುತ್ತದೆ, ಮುಟ್ಟು ಎಂದು ಹಟ ಹಿಡಿದ. ಖಾಲಾ ಕೂಗಿದಳು, ನಾನು ಬಂದೆ, ಇಬ್ಬರೂ ಸೇರಿ ಆಂಬುಲೆನ್ಸ್ ಹತ್ತಿಸಿದೆವು. ಬದುಕಿದ. ಮಕ್ಕಳ ಗೊಂಬೆಗಳಿಗೆ ಹಚ್ಚುವಂಥ ಬಣ್ಣದಲ್ಲಿ ಒಂದು ಪುಟ್ಟ ಮಣೆ ಮಾಡಿ ತಂದುಕೊಟ್ಟ. ಕಾಲಿಗೆ ಪ್ರತಿಯಾಗಿ ಏನನ್ನೂ ಮುಟ್ಟದವಳು ಅದನ್ನು ತೆಗೆದುಕೊಂಡಳು. ಕಾಲು ಎತ್ತಿಲ್ಲವಲ್ಲ, ಅದಕ್ಕೆ ತೆಗೆದುಕೊಳ್ಳಬಹುದು ಎಂದಳು. ಬಳೆ ತೊಡಿಸುವಾಗ ಹೆಣ್ಣುಮಕ್ಕಳ ಮೊಣಕೈಗೆ ಆಸರೆಯಾಗಿ ಆ ಮಣೆಯನ್ನು ಇಡುತ್ತಿದ್ದಳು.

ಈ ಸಲ ಪಂಚಮಿಗೆ ಮುಂಚೆ ನಾನು ಕೆಲವು ದಿನ ಗಂಗಾವತಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಹಬ್ಬದ ಹಿಂದಿನ ದಿನ ಬೆಳಗಿನ ಬಸ್ಸಿಗೆ ಹೊರಟು ಹತ್ತರ ಹೊತ್ತಿಗೆ ಬಂದೆ. ಚೀಲ ಒಳಗಿಡುವ ಮುಂಚೆಯೇ ಸೊಸೆ ಬಂದು, ಅತ್ತೆಗೆ ಮೈ ಸರಿಯಿಲ್ಲ, ಹೇಳಿದರೆ ಕೇಳುವುದಿಲ್ಲ ಎಂದಳು. ನಾನು ಹೋದ ದಿನದಿಂದಲೂ ಸುಸ್ತು. ಎರಡು ಮೆಟ್ಟಿಲು ಹತ್ತಿದರೆ ಕೂರುವುದು. ಬೆನ್ನಿನ ನಡುವೆ ಭಾರ, ಅಗಿಯಲಾರದಷ್ಟು ದವಡೆ ನೋವು, ಊಟ ಬೇಡ. ಖಾಲಾಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ಕಾಲವಾಗಿತ್ತು. ದವಾಖಾನೆಗೆ ಹೋಗೋಣ ಎಂದರೆ, ಎದೆ ನೋವಿಲ್ಲವಲ್ಲ, ಬೆನ್ನಿನ ಚಳಕು ಎಂದಳಂತೆ. ತನ್ನ ಕಾಲು ತನ್ನ ಬೆನ್ನಿಗೆ ಮುಟ್ಟುವುದಿಲ್ಲ. ಅದಕ್ಕೆ ಎರಡು ದಿನದ ಹಿಂದೆ ನಸುಕಿನ ಬಸ್ ಹತ್ತಿ ಯಲಬುರ್ಗಾ ಕಡೆಯ ಆ ಮುದುಕನ ಹತ್ತಿರ ಹೋಗಿ, ಅಲ್ಲಿನ ಕಟ್ಟೆಯ ಮೇಲೆ ಎಲ್ಲರ ಜೊತೆ ಬೆನ್ನು ಕೊಟ್ಟು ಕುಳಿತು, ಒದೆಸಿಕೊಂಡು ಬಂದಿದ್ದಳು. ಬಂದವಳು ಹಗುರವಾಗಿದೆ ಎಂದಳಂತೆ.

ಆ ಮಾತು ಕೇಳಿ ನಾನು ಚಪ್ಪಲಿ ಮೆಟ್ಟಲಿಲ್ಲ. ಹಾಗೇ ಹೋದೆ.

ಕಲ್ಲಿನ ಮೇಲೆ ಆಕೆ ಬಳೆ ತೊಡಿಸುತ್ತ ಕುಳಿತಿದ್ದಳು. ಎದುರಿಗೆ ನಮ್ಮ ಓಣಿಯ ಹುಡುಗಿ, ಮದುವೆಯಾಗಿ ಮೊದಲ ಪಂಚಮಿಗೆ ತವರಿಗೆ ಬಂದವಳು. ಪಕ್ಕದಲ್ಲಿ ಹುಡುಗಿಯ ತಾಯಿ. ಎಡಗೈ ತುಂಬ ಹಸಿರು ಬಳೆ ಏರಿದ್ದವು, ಬಲಗೈ ಮಣೆಯ ಮೇಲೆ ಬರಿದಾಗಿತ್ತು. ಶ್ರಾವಣದ ಗಾಳಿ ತಣ್ಣಗೆ ಬೀಸುತ್ತಿತ್ತು, ಖಾಲಾಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚೇಷ್ಟೆಯ ಮಾತು ಇರಲಿಲ್ಲ. ಹುಡುಗಿ ಕೈ ನೋವಿಗೆ ತುಟಿ ಕಚ್ಚಿದ್ದಳು.

ಎಲ್ಲಿ ನೋವು, ತೋರಿಸಿ ಎಂದೆ.

"ಬೆನ್ನಾಗ ಐತ್ರಿ. ಬೆರಳೂ ಮುಟ್ಟಂಗಿಲ್ಲ, ಅಂಗೈನೂ ಮುಟ್ಟಂಗಿಲ್ಲ. ಹೆಂಗ ತೋರಸ್ಲಿ?"

ನಾನು ಹೇಳಿದ್ದೆ. ಸಕ್ಕರೆಯವರ ವಿಷಯ, ವಯಸ್ಸಾದ ಹೆಣ್ಣುಮಕ್ಕಳ ವಿಷಯ ಎಲ್ಲ ಹೇಳಿದ್ದೆ. ಅದು ಆಕೆಗೆ ನೆನಪೂ ಇತ್ತು. ಹೋದ ವರ್ಷ ಇಂಥದ್ದೇ ಒಬ್ಬ ಮುದುಕಿಯನ್ನು ಕಲ್ಲಿನಿಂದ ಎಬ್ಬಿಸಿ ಕಳಿಸಿದ್ದಳು. ನೆನಪಿದ್ದದ್ದು ಬೇರೆಯವರಿಗಾಗಿ.

ನಾಡಿ ಹಿಡಿದೆ. ತಪ್ಪಿ ತಪ್ಪಿ ಬರುತ್ತಿತ್ತು. ಸೊಸೆಗೆ ಆಂಬುಲೆನ್ಸ್‌ಗೆ ಫೋನ್ ಮಾಡಲು ಹೇಳಿ, ಖಾಲಾ, ಬಳೆ ಕೆಳಗಿಡಿ, ಗೋಡೆಗೆ ಒರಗಿ ಎಂದೆ. ವಾರ್ಡಿನಲ್ಲಿ ಆಡುತ್ತಿದ್ದ ದನಿಯಲ್ಲಿ ಆಡಿದೆ. ಆ ದನಿಗೆ ಎದುರಾಡಿದವರು ಕಡಿಮೆ. ಆಕೆ ಗೋಡೆಗೆ ಒರಗಿದಳು, ಹುಡುಗಿಯ ಕೈ ಬಿಡಲಿಲ್ಲ.

"ಒಂದು ಕೈ ತುಂಬಿ, ಒಂದು ಕೈ ಬರಿದು ಬಿಟ್ಟು ಏಳಬಾರದ್ರಿ. ಹೊಸಾ ಮದಿವಿ ಆದ ಕೂಸು. ನಾ ಎದ್ದು ಹೋದ್ರ ಆ ಕೈಗೆ ಮತ್ತ್ಯಾರೂ ತೊಡಸಂಗಿಲ್ಲ."

ಹುಡುಗಿ ಅಳುತ್ತ, ಬೇಡ ಖಾಲಾ, ಇರಲಿ ಬಿಡು ಎಂದಳು. ಇರಲಿ ಬಿಡು ಎನ್ನಲು ಆ ತಾಯಿಗೆ ಬಾಯಿ ಬರಲಿಲ್ಲ ಎಂಬುದನ್ನು ನಾನು ಕಂಡೆ. ಆಕೆಯನ್ನು ದೂಷಿಸಲಾರೆ. ಮೊದಲ ಪಂಚಮಿಯ ಬರಿಗೈ ಎಂದರೆ ಏನೆಂದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಎಳೆದಾಡಿ ಬಿಡಿಸುವಂತಿರಲಿಲ್ಲ, ಎಳೆದಾಟವೇ ಆ ಹೃದಯಕ್ಕೆ ಕೇಡು. ನಾನು ಹಿಂದೆ ಕುಳಿತು ಆಕೆಯ ಬೆನ್ನನ್ನು ನನ್ನ ಎದೆಗೆ ಒರಗಿಸಿಕೊಂಡೆ. ಆಕೆ ಕಣ್ಣು ಮುಚ್ಚಿಕೊಂಡೇ ಒಂದೊಂದಾಗಿ ಏರಿಸಿದಳು. "ಕೈ ಮೆತ್ತಗ ಬಿಡು" ಎಂದು ಪಿಸುಗುಟ್ಟುತ್ತಿದ್ದಳು. ಒಂದೂ ಒಡೆಯಲಿಲ್ಲ. ಕೊನೆಯದು ಏರುವುದಕ್ಕೂ ಆಂಬುಲೆನ್ಸ್ ಓಣಿಗೆ ಬರುವುದಕ್ಕೂ ಸರಿಹೋಯಿತು. ಬಳೆಯಿಂದ ತಡವಾಯಿತು ಎಂದು ಓಣಿಯಲ್ಲಿ ಈಗ ಆಡಿಕೊಳ್ಳುತ್ತಿದ್ದಾರೆ. ಅದು ಸುಳ್ಳು. ತಡವಾದದ್ದು ಆಕೆ ಯಲಬುರ್ಗಾ ಬಸ್ ಹತ್ತಿದ ದಿನ.

ತಾಲ್ಲೂಕು ದವಾಖಾನೆಯಲ್ಲಿ ಇಸಿಜಿ ತೆಗೆದರು. ಪಟ್ಟಿಯನ್ನು ನಾನೂ ನೋಡಿದೆ. ಅಲ್ಲಿ ಮಾಡಬೇಕಾದದ್ದನ್ನು ಅಲ್ಲಿನ ವೈದ್ಯರು ಬೇಗ ಬೇಗ ಮಾಡಿ ಕೊಪ್ಪಳಕ್ಕೆ ಕಳಿಸಿದರು. ಆಂಬುಲೆನ್ಸ್‌ನಲ್ಲಿ, ಸುದ್ದಿ ತಿಳಿದು ದವಾಖಾನೆಗೆ ಬಂದ ಆಕೆಯ ಮಗ ತಲೆಯ ಕಡೆ ಕುಳಿತ, ನಾನು ಕಾಲಿನ ಕಡೆ ಕುಳಿತೆ. ಗಾಡಿ ಕುಲುಕಿದಾಗ ಬಲಗಾಲು ನನ್ನ ತೊಡೆಗೆ ತಾಗಿತು. ಆ ಸ್ಥಿತಿಯಲ್ಲೂ ಕಾಲನ್ನು ಮಡಚಿಕೊಳ್ಳಲು ನೋಡಿದಳು, ಆಗಲಿಲ್ಲ. ನಾನು ಆ ಕಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ತಣ್ಣಗಿತ್ತು.

"ಬಾಯಾರ, ಇದು ನಂದೋ, ನಿಮ್ದೋ?"

ನನ್ನದು ಖಾಲಾ, ಎಂದೆ.

"ಹಂಗಾರ ನಾ ಬಿಟ್ಟೆ. ನೀವು ನೋಡ್ಕೋರಿ."

ಕೈ ಮೆತ್ತಗೆ ಬಿಟ್ಟಳು. ಕೊಪ್ಪಳದ ಕೋಟೆಯ ಗುಡ್ಡ ಕಿಟಕಿಯಲ್ಲಿ ಕಾಣಿಸಿಕೊಂಡಾಗ ನಾಡಿ ಸಿಗಲಿಲ್ಲ. ಜೊತೆಗಿದ್ದ ಸಿಬ್ಬಂದಿ ಎದೆ ಒತ್ತತೊಡಗಿದರು, ನಾನೂ ಒತ್ತಿದೆ, ಜಿಲ್ಲಾ ಆಸ್ಪತ್ರೆಯ ಬಾಗಿಲಿನವರೆಗೂ ಒತ್ತಿದೆವು. ಒಳಗೆ ಅವರೂ ಪ್ರಯತ್ನಿಸಿದರು. ನನಗೆ ನೋಡಿಕೊಳ್ಳಲು ಬಿಟ್ಟದ್ದು ಅಷ್ಟೇ ಹೊತ್ತು.

ಪಂಚಮಿಯ ದಿನ ಬೆಳಿಗ್ಗೆ ದಫನ್ ಆಯಿತು. ಓಣಿಯಲ್ಲಿ ಯಾರೂ ಜೋಕಾಲಿ ಕಟ್ಟಲಿಲ್ಲ. ಆ ಹುಡುಗಿ ಎರಡು ಕೈ ತುಂಬ ಬಳೆ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದಳು, ಸದ್ದಾಗದಂತೆ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು.

ಈಗ ಕಲ್ಲಿನ ಮೇಲೆ ಕುಳಿತವನ ವಿಷಯ. ನಂದು ಯಾರು ತೆಗೆಯುತ್ತಾರೆ ಎಂದು ಕೇಳಿದನಲ್ಲ. ಯಾರೂ ಇಲ್ಲ ಎಂದೆ. ಆಮೇಲೆ ಅವನ ಮುಂದೆ ಹೋಗಿ ನಿಂತು, ಬೆರಳಿಟ್ಟು ತೋರಿಸಪ್ಪ ಎಂದೆ. ಬಲಗಡೆಯ ಪಕ್ಕೆಯ ಮೇಲೆ ಒಂದು ಬೆರಳಿಟ್ಟ. ನಾನು ಅಲ್ಲಿ ಒತ್ತಿದೆ, ಹಲ್ಲು ಕಚ್ಚಿದ. ನಿನ್ನೆ ಹಬ್ಬಕ್ಕೆ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟಿ, ಹೇಳಿದಷ್ಟೇ ಎಸೆತದಲ್ಲಿ ಅದನ್ನು ಪಕ್ಕದ ಊರಿಗೆ ಮುಟ್ಟಿಸಿ ಗೆದ್ದಿದ್ದನಂತೆ. ಬೆವರಿಲ್ಲ, ಏದುಸಿರಿಲ್ಲ, ಸಕ್ಕರೆಯಿಲ್ಲ, ನಾಡಿ ಸರಿಯಾಗಿತ್ತು. ಸ್ನಾಯುವಿನದು ಕಾಣುತ್ತದೆ, ಆದರೆ ನನ್ನ ಬೆರಳು ಹೇಳುವುದು ಅಂದಾಜು, ದವಾಖಾನೆಗೆ ಹೋಗಿ ಇಸಿಜಿ ತೆಗೆಸಿಕೋ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ.

"ಬೆರಳಿಂದು ಖಾಲಾನ ಪಾಲು ಅಲ್ಲೇನ್ರಿ? ದವಾಖಾನಿದು ಅಂಗೈದು. ಹೋದ ವರ್ಷ ಆಕಿನ ಹೇಳಿದ್ಳು."

ಹೌದು, ಆದರೆ ಖಾಲಾ ಇಲ್ಲ ಎಂದೆ. ಎದ್ದು ಹೋದ.

ಹತ್ತೂವರೆಗೆ ತಿರುಗಿ ಬಂದ. ಪಟ್ಟಿ ಸರಿಯಾಗಿದೆ, ಮಾಂಸಖಂಡದ ನೋವು, ಗುಳಿಗೆ ನುಂಗಿ ಬಿಸಿನೀರಿನ ಶಾಖ ಕೊಡು, ಭಾರ ಅನಿಸಿದರೆ, ಬೆವರಿದರೆ, ಕೈಗೆ ಹರಿದರೆ ಕಾಯದೆ ಬಾ ಎಂದು ವೈದ್ಯರು ಹೇಳಿದ್ದರು. ಇಷ್ಟನ್ನೂ ನನಗೆ ಒಪ್ಪಿಸಿದ. ಆಮೇಲೂ ಹೋಗಲಿಲ್ಲ. ಸ್ವಲ್ಪ ಕೂರಲೇ ಎಂದು ಸೊಸೆಯನ್ನು ಕೇಳಿದ. ಅವಳು ತಲೆ ಆಡಿಸಿದಳು. ಆತ ಚಪ್ಪಲಿ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು, ಕಲ್ಲಿನ ಮೇಲೆ ಸುಮ್ಮನೆ ಕುಳಿತ. ಬಿಸಿಲು ಏರಿತ್ತು. ಸ್ವಲ್ಪ ಹೊತ್ತಿನ ಮೇಲೆ ತನ್ನ ಭುಜವನ್ನು ತಾನೇ ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡು ಎದ್ದು ಹೋದ.

ಮಧ್ಯಾಹ್ನ ಸೊಸೆ ಮತ್ತು ನಾನು ಉಳಿದ ಬಳೆಗಳನ್ನು ಅಳತೆಯಂತೆ ಬೇರೆ ಮಾಡಿ ಪೋಣಿಸಿ ಕಟ್ಟಿದೆವು. ಕಿನ್ನಾಳದ ಮಣೆಯನ್ನು ಒರೆಸಿ ಒಳಗಿಟ್ಟೆವು. ಸಂಜೆ ಮಗ ಬಂದು, ಕಲ್ಲು ಎತ್ತಿಸಿಬಿಡುತ್ತೇನೆ, ಇದ್ದರೆ ಜನ ಬರುತ್ತಲೇ ಇರುತ್ತಾರೆ ಎಂದ. ಎತ್ತಿಸಿದರೂ ಬರುತ್ತಾರೆ, ಇಲ್ಲದಿದ್ದರೆ ಯಲಬುರ್ಗಾ ಕಡೆಗೆ ಹೋಗುತ್ತಾರೆ, ಇರಲಿ ಬಿಡು ಎಂದೆ.

ದೀಪ ಹಚ್ಚುವ ಮುಂಚೆ ಕಲ್ಲಿಗೆ ನೀರು ಹೊಡೆದು ತೊಳೆದೆ. ಆಮೇಲೆ ನಮ್ಮ ಮನೆಯಿಂದ ನನ್ನ ಕುರ್ಚಿ ತಂದೆ. ಬರುವವರು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಕುರ್ಚಿಯನ್ನು ಅವರ ಮುಖಕ್ಕೆ ಎದುರಾಗಿ ಇಟ್ಟೆ.